ಮಕ್ಕಳ ರಕ್ಷಣೆ ತಾಲ್ಲೂಕಿಗೆ ಇಳಿಯಲಿ: ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಕರ್ನಾಟಕದಲ್ಲಿ ಮಕ್ಕಳ ರಕ್ಷಣೆಗೆ ಕಾನೂನಿನ ಕೊರತೆಯಿಲ್ಲ. ಭಾರತವು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ 1992ರ ಡಿಸೆಂಬರ್‌ನಲ್ಲಿ ಸಮ್ಮತಿಯಿತ್ತ ಬಳಿಕ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ, ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ಕಾಪಾಡುವ 2012ರ ಪೋಕ್ಸೊ ಕಾಯ್ದೆ ಹಾಗೂ 2015ರ ಬಾಲನ್ಯಾಯ ಕಾಯ್ದೆ ಒಂದರ ಹಿಂದೊಂದು ಜಾರಿಗೆ ಬಂದಿವೆ; ರಾಜ್ಯದಲ್ಲಿ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವೂ ಮಕ್ಕಳ ರಕ್ಷಣಾ ನಿರ್ದೇಶನಾಲಯವೂ ಕೆಲಸ ಮಾಡುತ್ತಿವೆ. ಆದರೆ ಈ ವ್ಯವಸ್ಥೆಯ ಸಂಬಳದ ಹುದ್ದೆಗಳು ಜಿಲ್ಲಾ ಕೇಂದ್ರದವರೆಗೆ ಬಂದು ಅಲ್ಲಿಯೇ ನಿಂತಿವೆ. ಅಲ್ಲಿಂದ ಕೆಳಗೆ, ತಾಲ್ಲೂಕಿನಲ್ಲಿ ಮತ್ತು ಹಳ್ಳಿಯಲ್ಲಿ, ಮಕ್ಕಳ ರಕ್ಷಣೆಯನ್ನೇ ಪೂರ್ಣಾವಧಿಯ ಕೆಲಸವಾಗಿ ಹೊತ್ತ, ಅದಕ್ಕೆಂದೇ ತರಬೇತಿ ಪಡೆದ ಸಮಾಜ ಕಾರ್ಯಕರ್ತರ ಹುದ್ದೆ ಇಲ್ಲ. ಈ ಕೊರತೆಯನ್ನು ತುಂಬದೆ ಉಳಿದ ಯಾವ ಸುಧಾರಣೆಯೂ ಮಗುವನ್ನು ಮುಟ್ಟುವುದಿಲ್ಲ ಎಂಬ ಮಾತನ್ನು ತಮ್ಮ ಮುಂದಿಡುವುದೇ ಈ ಪತ್ರದ ಉದ್ದೇಶ.

ಈಗಿರುವ ರಚನೆಯನ್ನು ಮೊದಲು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಬಾಲನ್ಯಾಯ ಕಾಯ್ದೆಯು ಮಕ್ಕಳನ್ನು ಎರಡು ಗುಂಪುಗಳಾಗಿ ಕಾಣುತ್ತದೆ: ಅನಾಥರು, ಮನೆ ಬಿಟ್ಟವರು, ದುಡಿಮೆಗೆ ಅಥವಾ ಭಿಕ್ಷೆಗೆ ದೂಡಲ್ಪಟ್ಟವರು, ಮನೆಯಲ್ಲೇ ಹಿಂಸೆಗೆ ಒಳಗಾದವರು, ಬಾಲ್ಯವಿವಾಹದ ಅಪಾಯದಲ್ಲಿರುವವರು ಮೊದಲಾದವರೆಲ್ಲ ‘ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳು’, ಅಪರಾಧದ ಆರೋಪಕ್ಕೆ ಒಳಗಾದವರು ‘ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಕ್ಕಳು’. ಮೊದಲ ಗುಂಪಿನವರ ವಿಷಯವನ್ನು ಅಧ್ಯಕ್ಷರು ಹಾಗೂ ನಾಲ್ವರು ಸದಸ್ಯರಿರುವ ಮಕ್ಕಳ ಕಲ್ಯಾಣ ಸಮಿತಿಯು, ಎರಡನೆಯ ಗುಂಪಿನವರ ವಿಷಯವನ್ನು ಒಬ್ಬ ದಂಡಾಧಿಕಾರಿ ಹಾಗೂ ಇಬ್ಬರು ಸಮಾಜ ಕಾರ್ಯಕರ್ತ ಸದಸ್ಯರಿರುವ ಬಾಲ ನ್ಯಾಯ ಮಂಡಳಿಯು ನಿರ್ಧರಿಸುತ್ತವೆ. ಇವೆರಡಕ್ಕೂ ಕೈಕಾಲುಗಳಾಗಿ ದುಡಿಯಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ಕೇಂದ್ರ ಮತ್ತು ರಾಜ್ಯಗಳು 60:40ರ ಪ್ರಮಾಣದಲ್ಲಿ ವೆಚ್ಚ ಹಂಚಿಕೊಳ್ಳುವ ಮಿಷನ್ ವಾತ್ಸಲ್ಯ ಯೋಜನೆಯ ಪ್ರಕಾರ ಈ ಘಟಕದಲ್ಲಿ ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿ, ಸಾಂಸ್ಥಿಕ ಮತ್ತು ಅಸಾಂಸ್ಥಿಕ ಸೇವೆಗಳಿಗೆ ಒಬ್ಬೊಬ್ಬ ರಕ್ಷಣಾಧಿಕಾರಿ, ಒಬ್ಬ ಕಾನೂನು ಮತ್ತು ಪರಿವೀಕ್ಷಣಾಧಿಕಾರಿ, ಒಬ್ಬ ಆಪ್ತ ಸಮಾಲೋಚಕರು ಮತ್ತು ಕಚೇರಿ ಸಿಬ್ಬಂದಿಯ ಜೊತೆಗೆ ಇಬ್ಬರು ಸಮಾಜ ಕಾರ್ಯಕರ್ತರೂ ಇಬ್ಬರು ಔಟ್‌ರೀಚ್ ಕಾರ್ಯಕರ್ತರೂ ಇರಬೇಕು.

ಇಡೀ ಜಿಲ್ಲೆಗೆ ಇಬ್ಬರು ಸಮಾಜ ಕಾರ್ಯಕರ್ತರು ಎಂದರೆ ಏನೆಂಬುದನ್ನು ಭೂಪಟವೇ ಹೇಳುತ್ತದೆ. ಹತ್ತಕ್ಕೂ ಹೆಚ್ಚು ತಾಲ್ಲೂಕುಗಳಿರುವ ಬೆಳಗಾವಿಯಲ್ಲಿ ಅಥಣಿಯ ಒಂದು ಮಗುವಿನ ಮನೆಗೆ ಹೋಗಬೇಕಾದರೆ ಜಿಲ್ಲಾ ಕೇಂದ್ರದಿಂದ ನೂರು ಕಿಲೊಮೀಟರಿಗೂ ಹೆಚ್ಚು ದೂರ ಸಾಗಬೇಕು. ಕರಾವಳಿಯ ಅಂಚಿನಲ್ಲಿರುವ ಕಾರವಾರದಿಂದ ಘಟ್ಟ ಹತ್ತಿ ಮುಂಡಗೋಡಿಗೆ ತಲುಪುವಷ್ಟರಲ್ಲಿ ಅರ್ಧ ದಿನವೇ ಕಳೆದುಹೋಗುತ್ತದೆ. ಕಬ್ಬಿನ ಕಟಾವಿಗೆ ಗುಳೆ ಹೋಗುವ ಉತ್ತರ ಕರ್ನಾಟಕದ ಕುಟುಂಬಗಳು, ರಾಯಚೂರು, ಯಾದಗಿರಿಗಳಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬರುವವರು, ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗುವವರು ತಮ್ಮ ಮಕ್ಕಳನ್ನು ಜೊತೆಯಲ್ಲಿ ಕರೆದೊಯ್ದರೆ ಶಾಲೆಯ ಹಾಜರಿ ಪುಸ್ತಕದಿಂದ ಆ ಮಕ್ಕಳು ಮರೆಯಾಗುತ್ತಾರೆ, ಊರಿನಲ್ಲಿಯೇ ಬಿಟ್ಟುಹೋದರೆ ನೋಡಿಕೊಳ್ಳುವವರಿಲ್ಲದೆ ಉಳಿಯುತ್ತಾರೆ; ಇಂತಹ ಮಕ್ಕಳನ್ನು ಜಿಲ್ಲಾ ಕೇಂದ್ರದ ಕಚೇರಿಯಲ್ಲಿ ಕುಳಿತು ಗುರುತಿಸುವುದು ಸಾಧ್ಯವಿಲ್ಲ.

ಸಮಾಜ ಕಾರ್ಯಕರ್ತರ ಕೆಲಸ ಎಷ್ಟು ನಿರ್ಣಾಯಕವೆಂಬುದು ಸಾಮಾಜಿಕ ತನಿಖಾ ವರದಿ ಎಂಬ ಒಂದು ದಾಖಲೆಯಿಂದ ತಿಳಿಯುತ್ತದೆ. ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವು ಸಿಕ್ಕ 24 ಗಂಟೆಗಳೊಳಗೆ ಅದನ್ನು ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಬಳಿಕ ಅದರ ಮನೆ, ತಂದೆತಾಯಿ, ಬಂಧುಗಳು, ಓದು, ಆರೋಗ್ಯ, ದುಡಿಮೆ, ಎದುರಾಗಿರುವ ಅಪಾಯ ಇವೆಲ್ಲವನ್ನೂ ವಿಚಾರಿಸಿ ತಯಾರಿಸುವ ಈ ವರದಿಯನ್ನು 15 ದಿನಗಳೊಳಗೆ ಪೂರ್ಣಗೊಳಿಸಬೇಕೆಂದು ಕಾಯ್ದೆಯು ಹೇಳುತ್ತದೆ. ಮಗುವು ಮನೆಗೆ ಮರಳಬೇಕೆ, ಬಂಧುಗಳ ಆಶ್ರಯದಲ್ಲಿರಬೇಕೆ, ಸಾಕು ಕುಟುಂಬಕ್ಕೆ ಹೋಗಬೇಕೆ ಅಥವಾ ಬಾಲಮಂದಿರದಲ್ಲಿ ಉಳಿಯಬೇಕೆ ಎಂಬ ತೀರ್ಮಾನವನ್ನು ದಂಡಾಧಿಕಾರಿಯ ಅಧಿಕಾರವುಳ್ಳ ಸಮಿತಿಯು ಮುಖ್ಯವಾಗಿ ಈ ವರದಿಯ ಆಧಾರದ ಮೇಲೆಯೇ ಕೈಗೊಳ್ಳುತ್ತದೆ. ವರದಿಯನ್ನು ಬರೆಯುವವರು ಹಳ್ಳಿಗೆ ಹೋಗದೆ ದೂರವಾಣಿಯಲ್ಲಿ ವಿಚಾರಿಸಿ ನಮೂನೆಯನ್ನು ತುಂಬಿದರೆ, ಹಿಂಸೆ ನೀಡಿದ ಮನೆಗೇ ಮಗುವನ್ನು ಮರಳಿ ಕಳಿಸುವ ಅಪಾಯವಿದೆ. ಕೇವಲ ಬಡತನದ ಕಾರಣಕ್ಕೆ, ಪ್ರೀತಿಯಿಂದ ಸಾಕುತ್ತಿರುವ ತಾಯಿಯಿಂದ ಮಗುವನ್ನು ಬೇರ್ಪಡಿಸುವ ಅಪಾಯವೂ ಅಷ್ಟೇ ಇದೆ.

ಮಗುವನ್ನು ಸಂಸ್ಥೆಯಲ್ಲಿ ಇರಿಸುವುದು ಕೊನೆಯ ಉಪಾಯವಾಗಿರಬೇಕು ಎಂಬುದು ಕಾಯ್ದೆಯ ಮೂರನೆಯ ಪ್ರಕರಣದಲ್ಲಿಯೇ ಹೇಳಿರುವ ಮೂಲತತ್ತ್ವ. ಈ ತತ್ತ್ವ ನಿಜವಾಗಬೇಕಾದರೆ ಅಸಾಂಸ್ಥಿಕ ಸೇವೆಗಳು, ಅಂದರೆ ಮಗುವನ್ನು ಕುಟುಂಬದಲ್ಲಿಯೇ ಉಳಿಸುವ ನೆರವುಗಳು, ಬಲವಾಗಿರಬೇಕು. ಇವುಗಳಲ್ಲಿ ಮುಖ್ಯವಾದದ್ದು ಪ್ರಾಯೋಜಕತ್ವ: ಗಂಡನನ್ನು ಕಳೆದುಕೊಂಡ ತಾಯಿ ಅಥವಾ ಮೊಮ್ಮಕ್ಕಳನ್ನು ಸಾಕುತ್ತಿರುವ ಅಜ್ಜಿಯಂತಹವರಿಗೆ ಮಿಷನ್ ವಾತ್ಸಲ್ಯದ ಅಡಿಯಲ್ಲಿ ಪ್ರತಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೀಡುವ ವ್ಯವಸ್ಥೆ. ಅರ್ಹ ಕುಟುಂಬವನ್ನು ಹುಡುಕಿ, ಅರ್ಜಿ ಬರೆಸಿ, ಬ್ಯಾಂಕ್ ಖಾತೆ ತೆರೆಸಿ, ಮಗು ಶಾಲೆಗೆ ಹೋಗುತ್ತಿದೆಯೇ ಎಂದು ಮತ್ತೆ ಮತ್ತೆ ನೋಡಿಬರುವವರು ಇಲ್ಲದಿದ್ದರೆ ಈ ಹಣವು ಅದನ್ನು ಕೇಳಲು ಗೊತ್ತಿರುವವರಿಗೆ ಮಾತ್ರ ಸಿಗುತ್ತದೆ, ತೀರ ಅಗತ್ಯವುಳ್ಳವರನ್ನು ತಲುಪುವುದೇ ಇಲ್ಲ.

ಬಾಲ್ಯವಿವಾಹದ ವಿಷಯವು ಇದೇ ಕೊರತೆಯನ್ನು ಇನ್ನೊಂದು ಬಗೆಯಲ್ಲಿ ತೋರಿಸುತ್ತದೆ. ನ್ಯಾಯಮೂರ್ತಿ ಶಿವರಾಜ ಪಾಟೀಲ ಅವರ ನೇತೃತ್ವದ ಸಮಿತಿಯ ವರದಿಯ ನಂತರ ಕರ್ನಾಟಕವು ಕೇಂದ್ರದ ಕಾಯ್ದೆಗೆ ತಿದ್ದುಪಡಿ ತಂದು ಬಾಲ್ಯವಿವಾಹವನ್ನು ಮೂಲದಿಂದಲೇ ಅಸಿಂಧುವೆಂದು ಸಾರಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಡೆಯನ್ನು ಮೆಚ್ಚಿ ಇತರ ರಾಜ್ಯಗಳಿಗೆ ಮಾದರಿಯೆಂದು ಕಂಡಿತು. ಆದರೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ರಾಜ್ಯದ 20ರಿಂದ 24 ವರ್ಷದ ಮಹಿಳೆಯರಲ್ಲಿ 18 ತುಂಬುವ ಮೊದಲೇ ಮದುವೆಯಾದವರ ಪ್ರಮಾಣ ನಾಲ್ಕನೆಯ ಸುತ್ತಿನಲ್ಲಿ ಶೇ 21.4 ಇದ್ದದ್ದು 2019–21ರ ಐದನೆಯ ಸುತ್ತಿನಲ್ಲಿ ಶೇ 21.3 ಆಗಿತ್ತು. ಈ ಅಂಕಿಯಲ್ಲಿ ತಿದ್ದುಪಡಿಗೆ ಮುಂಚಿನ ಮದುವೆಗಳೂ ಸೇರಿರುವುದರಿಂದ ಇದನ್ನು ತಿದ್ದುಪಡಿಯ ಸೋಲೆನ್ನಲಾಗದು. ಆದರೆ ಮೂಲ ಕಾಯ್ದೆ ಜಾರಿಗೆ ಬಂದು ದಶಕವೇ ಕಳೆದಿದ್ದ ಆ ಅವಧಿಯಲ್ಲಿ ಪರಿಸ್ಥಿತಿ ಬಹುತೇಕ ಕದಲಲಿಲ್ಲ ಎಂಬುದಂತೂ ಸತ್ಯ. ತಹಶೀಲ್ದಾರರಿಂದ ಹಿಡಿದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಮುಖ್ಯ ಶಿಕ್ಷಕರವರೆಗೆ ಅನೇಕರಿಗೆ ಬಾಲ್ಯವಿವಾಹ ನಿಷೇಧಾಧಿಕಾರಿಯ ಹೊಣೆಯನ್ನು ವಹಿಸಲಾಗಿದ್ದು, ಇವರು ಚಪ್ಪರದ ಮುಂದೆ ನಿಂತು ಮದುವೆಯನ್ನು ತಡೆಯಬಲ್ಲರು. ಆದರೆ ಮದುವೆ ನಿಂತ ಮರುದಿನದಿಂದ ಆ ಹುಡುಗಿಯ ಮೇಲೆ ಮನೆಯವರು ಹಾಕುವ ಒತ್ತಡ, ನಿಂತುಹೋದ ಓದು, ಗುಟ್ಟಾಗಿ ಬೇರೆ ಊರಿನಲ್ಲಿ ತಾಳಿ ಕಟ್ಟಿಸುವ ಪ್ರಯತ್ನ ಇವುಗಳ ಮೇಲೆ ವರ್ಷಗಟ್ಟಲೆ ಕಣ್ಣಿಡುವ ಹೊಣೆ ಯಾರ ಪೂರ್ಣಾವಧಿಯ ಕೆಲಸವೂ ಆಗಿಲ್ಲ.

ಈ ಕೆಲಸವನ್ನು ಅಂಗನವಾಡಿ ಕಾರ್ಯಕರ್ತೆಯರೇ ಮಾಡಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಕರ್ನಾಟಕದ ಮಟ್ಟಿಗೆ 1975ರ ಅಕ್ಟೋಬರ್ 2ರಂದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಇಂದು ರಾಜ್ಯದ ಹಳ್ಳಿಹಳ್ಳಿಯನ್ನೂ ತಲುಪಿರುವುದು ನಿಜ. ಆದರೆ ಪೂರಕ ಪೌಷ್ಟಿಕಾಹಾರ, ಶಾಲಾಪೂರ್ವ ಶಿಕ್ಷಣ, ತೂಕದ ದಾಖಲೆ, ಸಮೀಕ್ಷೆಗಳ ನಡುವೆ ಕಾರ್ಯಕರ್ತೆಯರಿಗೆ ಬಿಡುವಿಲ್ಲ. ಅದಕ್ಕಿಂತ ಮುಖ್ಯವಾಗಿ, ಅವರು ಅದೇ ಊರಿನಲ್ಲಿ ಬಾಳಬೇಕಾದವರು. ಬಾಲ್ಯವಿವಾಹವನ್ನು ತಡೆಯಲು ಹೋದ ರಾಜಸ್ಥಾನದ ‘ಸಾಥಿನ್’ ಎಂಬ ಗ್ರಾಮ ಮಟ್ಟದ ಕಾರ್ಯಕರ್ತೆಯೊಬ್ಬರು 1992ರಲ್ಲಿ ಎದುರಿಸಿದ ಘೋರ ದೌರ್ಜನ್ಯವು ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 1997ರ ವಿಶಾಖಾ ಮಾರ್ಗಸೂಚಿಗಳಿಗೆ ಕಾರಣವಾದದ್ದನ್ನು ದೇಶ ಮರೆಯುವಂತಿಲ್ಲ. ಅಪಾಯದಲ್ಲಿರುವ ಮಗುವಿನ ಸುಳಿವು ಕೊಡುವುದು ಅಂಗನವಾಡಿಯವರಿಂದ ಆಗಲಿ. ಮನೆಯವರನ್ನು ಎದುರುಗೊಳ್ಳುವ ಹೊಣೆಯು ಊರಿನ ಒತ್ತಡಕ್ಕೆ ಸಿಲುಕದ, ಸರ್ಕಾರದ ಬೆಂಬಲವುಳ್ಳ ತಾಲ್ಲೂಕು ಸಮಾಜ ಕಾರ್ಯಕರ್ತರದಾಗಲಿ.

ಹುದ್ದೆಯ ಜೊತೆಗೆ ತರಬೇತಿಯೂ ಬರಬೇಕು. ಬಾಲ ನ್ಯಾಯ ಮಂಡಳಿಯ ಸದಸ್ಯರಿಗೆ ನೇಮಕವಾದ 60 ದಿನಗಳೊಳಗೆ ತರಬೇತಿ ನೀಡಬೇಕೆಂದು ಬಾಲನ್ಯಾಯ ಕಾಯ್ದೆಯು ಕಟ್ಟುನಿಟ್ಟಾಗಿ ಹೇಳುತ್ತದೆ. ಮಗುವಿನ ಮನೆಯ ಬಾಗಿಲು ತಟ್ಟುವವರ ತರಬೇತಿಗೂ ಅದೇ ಕಟ್ಟುನಿಟ್ಟು ಬೇಕು. ಹಿಂಸೆಗೊಳಗಾದ ಮಗು ಒಂದೇ ಸಲಕ್ಕೆ ಎಲ್ಲವನ್ನೂ ಹೇಳುವುದಿಲ್ಲ. ಕೆಲವೊಮ್ಮೆ ಹೇಳಿದ್ದನ್ನು ಅಲ್ಲಗಳೆಯುತ್ತದೆ, ಕೆಲವೊಮ್ಮೆ ನಗುತ್ತದೆ, ಕೆಲವೊಮ್ಮೆ ಮಾತನ್ನೇ ನಿಲ್ಲಿಸುತ್ತದೆ. ಇದು ಸುಳ್ಳಿನ ಗುರುತಲ್ಲ, ಆಘಾತದ ಗುರುತು ಎಂದು ತಿಳಿದಿರುವುದು, ಉತ್ತರವನ್ನು ಬಾಯಿಗೆ ತುರುಕುವ ಪ್ರಶ್ನೆ ಕೇಳದಿರುವುದು, ಒಂದೇ ಘಟನೆಯನ್ನು ಹತ್ತು ಮಂದಿಯ ಮುಂದೆ ಹೇಳಿಸದಿರುವುದು ಇವೆಲ್ಲ ಕಲಿತು ಬರಬೇಕಾದ ಕೌಶಲಗಳು. ಪೋಕ್ಸೊ ಪ್ರಕರಣಗಳಲ್ಲಿ ತನಿಖೆಯಿಂದ ತೀರ್ಪಿನವರೆಗೆ ಮಗುವಿನ ಜೊತೆಗಿರುವ ಬೆಂಬಲ ವ್ಯಕ್ತಿಗೆ, ಅಂದರೆ ನ್ಯಾಯಾಲಯದ ಪ್ರಕ್ರಿಯೆಯನ್ನು ಮಗುವಿಗೆ ಅರ್ಥವಾಗುವಂತೆ ತಿಳಿಸಿ ಧೈರ್ಯ ತುಂಬುವವರಿಗೆ, ಈ ಕೌಶಲವಿಲ್ಲದಿದ್ದರೆ ಕಾನೂನು ಕೊಟ್ಟ ಆ ಬೆಂಬಲ ಹೆಸರಿಗಷ್ಟೇ ಉಳಿಯುತ್ತದೆ. ತರಬೇತಿಯ ಭಾಷೆಯೂ ಮುಖ್ಯ: ಲಂಬಾಣಿ, ಉರ್ದು, ತುಳು ಅಥವಾ ಕಲಬುರಗಿಯ ಕನ್ನಡದಲ್ಲಿ ಮಾತನಾಡುವ ಮಗುವಿನ ಮಾತನ್ನು ಹಾಗೆಯೇ ದಾಖಲಿಸುವುದನ್ನು ಇಂಗ್ಲಿಷ್ ಕೈಪಿಡಿಗಳು ಕಲಿಸಲಾರವು.

ಇದಕ್ಕೆ ಬೇಕಾದ ವಿದ್ವತ್ತು ರಾಜ್ಯದೊಳಗೇ ಇದೆ. ಮಕ್ಕಳ ಮಾನಸಿಕ ಆರೋಗ್ಯಕ್ಕೆ ನಿಮ್ಹಾನ್ಸ್ ಮತ್ತು ಅದರ ಸಂವಾದ್ ಕಾರ್ಯಕ್ರಮ, ಕಾನೂನಿಗೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ, ಪಂಚಾಯಿತಿ ಮಟ್ಟದ ತರಬೇತಿಗೆ ಮೈಸೂರಿನ ಅಬ್ದುಲ್ ನಜೀರ್‌ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇವೆ. ಮಂಗಳೂರಿನ ರೋಶನಿ ನಿಲಯ ಮೊದಲಾದ ಕಾಲೇಜುಗಳೂ ವಿಶ್ವವಿದ್ಯಾಲಯಗಳೂ ವರ್ಷವರ್ಷವೂ ಸಮಾಜಕಾರ್ಯದ ಸ್ನಾತಕೋತ್ತರ ಪದವೀಧರರನ್ನು ಹೊರತರುತ್ತಿವೆ. ಈ ಶಕ್ತಿಗಳನ್ನು ಒಂದೆಡೆ ಸೇರಿಸುವ ಆಡಳಿತಾತ್ಮಕ ಸಂಕಲ್ಪವೊಂದೇ ಈಗ ಬೇಕಾಗಿರುವುದು.

ಆದ್ದರಿಂದ ಈ ಕೆಳಗಿನ ಕ್ರಮಗಳನ್ನು ಕೈಗೊಳ್ಳುವಂತೆ ತಮ್ಮಲ್ಲಿ ವಿನಂತಿಸಲಾಗಿದೆ. ಮೊದಲನೆಯದಾಗಿ, ಪ್ರತಿ ತಾಲ್ಲೂಕಿಗೆ ಕನಿಷ್ಠ ಒಬ್ಬ ಪೂರ್ಣಾವಧಿ ಮಕ್ಕಳ ರಕ್ಷಣಾ ಸಮಾಜ ಕಾರ್ಯಕರ್ತರ ಹುದ್ದೆಯನ್ನು ರಾಜ್ಯದ ಆಯವ್ಯಯದಿಂದಲೇ ಸೃಷ್ಟಿಸಬೇಕು. ಕೇಂದ್ರದ ಯೋಜನೆಯಲ್ಲಿ ಇದಕ್ಕೆ ಅವಕಾಶವಿಲ್ಲ ಎಂಬುದು ಕಾಯಲು ಕಾರಣವಾಗಬಾರದು. ಎರಡನೆಯದಾಗಿ, ಮಗುವಿನ ನಂಬಿಕೆ ಗಳಿಸಲು ತಿಂಗಳುಗಳೇ ಹಿಡಿಯುವ ಈ ಕೆಲಸವನ್ನು ವರ್ಷವರ್ಷವೂ ನವೀಕರಿಸುವ ಗುತ್ತಿಗೆಯ ಮೇಲೆ ನಡೆಸುವುದನ್ನು ಕೈಬಿಟ್ಟು, ಸೇವಾ ಭದ್ರತೆ, ನ್ಯಾಯವಾದ ವೇತನ, ಪ್ರಯಾಣ ಭತ್ಯೆಗಳನ್ನು ಖಾತರಿಪಡಿಸಬೇಕು. ಒಬ್ಬರು ಏಕಕಾಲಕ್ಕೆ ನೋಡಿಕೊಳ್ಳುವ ಪ್ರಕರಣಗಳಿಗೆ ಮಿತಿಯನ್ನೂ ಗೊತ್ತುಪಡಿಸಬೇಕು. ಮೂರನೆಯದಾಗಿ, ಕೆಲಸಕ್ಕೆ ಸೇರುವ ಮುನ್ನ ಕ್ಷೇತ್ರಾನುಭವ ಸಹಿತವಾದ ತರಬೇತಿ, ಪ್ರತಿ ವರ್ಷ ಪುನರ್ಮನನ ತರಬೇತಿ ಹಾಗೂ ಅನುಭವಿಗಳಿಂದ ನಿಯಮಿತ ಮಾರ್ಗದರ್ಶನ ಎಂಬ ಮೂರು ಹಂತಗಳ ಪಠ್ಯಕ್ರಮವನ್ನು ಕನ್ನಡದಲ್ಲಿ ಸಿದ್ಧಪಡಿಸಬೇಕು. ನಾಲ್ಕನೆಯದಾಗಿ, ಗ್ರಾಮ ಪಂಚಾಯಿತಿಗಳ ಮಕ್ಕಳ ಗ್ರಾಮಸಭೆಗಳಲ್ಲಿ ಮಕ್ಕಳು ಎತ್ತಿದ ರಕ್ಷಣೆಯ ಪ್ರಶ್ನೆಗಳು ನಿರ್ಣಯದ ಪುಸ್ತಕದಲ್ಲಿಯೇ ಉಳಿಯದಂತೆ ತಾಲ್ಲೂಕು ಸಮಾಜ ಕಾರ್ಯಕರ್ತರು ಅವುಗಳಿಗೆ ಲಿಖಿತ ಉತ್ತರ ನೀಡುವುದನ್ನು ಕಡ್ಡಾಯಗೊಳಿಸಬೇಕು. ಐದನೆಯದಾಗಿ, ಖಾಲಿ ಹುದ್ದೆಗಳು, 15 ದಿನಗಳೊಳಗೆ ಪೂರ್ಣಗೊಂಡ ವರದಿಗಳು, ಕುಟುಂಬಕ್ಕೆ ಮರಳಿದ ಮಕ್ಕಳು, ಪ್ರಾಯೋಜಕತ್ವ ಪಡೆದ ಮಕ್ಕಳು ಇವೆಲ್ಲದರ ಜಿಲ್ಲಾವಾರು ಅಂಕಿಗಳನ್ನು, ಯಾವ ಮಗುವಿನ ಗುರುತೂ ಬಯಲಾಗದಂತೆ, ವರ್ಷಕ್ಕೊಮ್ಮೆ ವಿಧಾನಮಂಡಲದ ಮುಂದಿಡಬೇಕು.

ಮಕ್ಕಳಿಗೆ ಮತದಾನದ ಹಕ್ಕಿಲ್ಲ; ಅವರ ಪರವಾಗಿ ಆಯವ್ಯಯದ ಚರ್ಚೆಯಲ್ಲಿ ಮಾತನಾಡಬೇಕಾದದ್ದು ತಮ್ಮ ಇಲಾಖೆಯೇ. ಬರುವ ಆಯವ್ಯಯದಲ್ಲಿ ಈ ತಾಲ್ಲೂಕು ಹುದ್ದೆಗಳಿಗೂ ಅವುಗಳಿಗೆ ಬರುವವರ ತರಬೇತಿಗೂ ಪ್ರತ್ಯೇಕ ಅನುದಾನವನ್ನು ಒದಗಿಸಿಕೊಟ್ಟು, ಕಾಯ್ದೆಯು ಮಗುವಿಗೆ ಕೊಟ್ಟಿರುವ ಮಾತನ್ನು ರಾಜ್ಯವು ಉಳಿಸಿಕೊಳ್ಳುವಂತೆ ತಾವು ಮಾಡಬೇಕೆಂದು ಕಳಕಳಿಯಿಂದ ಪ್ರಾರ್ಥಿಸಲಾಗಿದೆ.