ಎಳನೀರು ಗಾಡಿಯ ಪಕ್ಕ ಒಂದು ಪೈಪು

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು. ಕಳೆದ ಏಪ್ರಿಲ್ 13ರಂದು ಬೆಂಗಳೂರಿನ ನಮ್ಮ ಬಡಾವಣೆಯ ಎಳನೀರು ಗಾಡಿಯ ಪಕ್ಕ ಒಂದು ಮೀಟರ್ ಉದ್ದದ ಪೈಪು ನಿಲ್ಲಿಸಿದೆ. ಮಧ್ಯಾಹ್ನ 12.20ರ ಸುಮಾರಿಗೆ ನೆರಳು ಅತಿ ಗಿಡ್ಡವಾದಾಗ ಅದರ ತುದಿಗೆ ಸೀಮೆಸುಣ್ಣದ ಗುರುತು ಹಾಕಬೇಕು, ಅಷ್ಟೇ ಕೆಲಸ.

"ಮಟಮಟ ಮಧ್ಯಾಹ್ನ ದಿನಾ ನೆರಳು ಕಾಲಡೀಲೇ ಇರುತ್ತಲ್ಲ ಮೇಷ್ಟ್ರೇ, ನೋಡೋದೇನು?" ಎಂದರು ಗಾಡಿಯಮ್ಮ. ಉತ್ತರ ಹೇಳದೆ ಸೀಮೆಸುಣ್ಣ ಕೊಟ್ಟೆ. ಎಳನೀರಿಗೆ ಬಂದ ಗಾರೆ ಮೇಸ್ತ್ರಿಯೊಬ್ಬರು ದಾರದ ಗುಂಡು ಇಳಿಬಿಟ್ಟು ಪೈಪು ವಾಲಿದೆಯೆಂದು ತೋರಿಸಿ, ತಾವೇ ನೆಟ್ಟಗೆ ನಿಲ್ಲಿಸಿದರು. ಮೊದಲ ದಿನದ ನನ್ನ ಗುರುತನ್ನು ಅಳಿಸಬೇಕಾಯಿತು.

ಮರುದಿನ ಉತ್ತರಕ್ಕೆ 6 ಸೆಂ.ಮೀ. ಚಾಚಿದ್ದ ನೆರಳು ದಿನೇದಿನೇ ಕುಗ್ಗಿ, 24ರಂದು ಪೈಪಿನ ಬುಡದಲ್ಲೇ ಅಡಗಿತು. ಅದೇ ಹೊತ್ತಿಗೆ ಬೀದರಿನಿಂದ ನನ್ನ ಷಡ್ಡಕನ ಫೋನು: "ಎಂಟೂವರಿ ಸೆಂಟಿಮೀಟರ್ ಅದ ನೋಡ್ರಿ!" ಬೀದರ್ ಇರುವುದು ಹೆಚ್ಚುಕಡಿಮೆ ನಮ್ಮ ನೇರ ಉತ್ತರಕ್ಕೆ, ನಕ್ಷೆಯಲ್ಲಿ ಸುಮಾರು 550 ಕಿ.ಮೀ. ದೂರ. ಮೀಟರಿಗೆ ಎಂಟೂವರೆ ಸೆಂಟಿಮೀಟರ್ ನೆರಳೆಂದರೆ ಬಿಸಿಲು ಸುಮಾರು 5 ಡಿಗ್ರಿ ಓರೆ. ಪೂರ್ತಿ ಸುತ್ತಿಗೆ ಅಂಥ 72 ಪಾಲು. 550ನ್ನು 72ರಿಂದ ಗುಣಿಸಿದರೆ 39,600. ಭೂಮಿಯ ನಿಜವಾದ ಸುತ್ತಳತೆ 40,000 ಕಿ.ಮೀ. ಆಸುಪಾಸು! ಎರಡು ಸಾವಿರ ವರ್ಷಕ್ಕೂ ಹಿಂದೆ ಎರಟೋಸ್ಥನೀಸ್ ಈಜಿಪ್ಟಿನಲ್ಲಿ ಹಿಡಿದದ್ದೂ ಇದೇ ದಾರಿ. ಮೇಸ್ತ್ರಿ ಖಾಲಿ ಸಿಮೆಂಟ್ ಚೀಲದ ಮೇಲೆ ಲೆಕ್ಕವನ್ನು ಇನ್ನೊಮ್ಮೆ ಮಾಡಿ ನೋಡಿದರು.

ಫೆಬ್ರುವರಿ 28ರ ವಿಜ್ಞಾನ ದಿನದಂದು ನಾನು ಎಷ್ಟೋ ಭಾಷಣ ಮಾಡಿದ್ದೇನೆ. ಕೇಳುವವರ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ನಿಮ್ಮ ನಂಬಿಕೆ ತಪ್ಪು ಎಂದು ಮಾತು ತೆಗೆದರೆ ಜನ ಅಲ್ಲಿಗೇ ಮನಸ್ಸು ಮುಚ್ಚಿಕೊಳ್ಳುತ್ತಾರೆ. ತಾವೇ ಹಾಕಿದ ಗುರುತು ಬೇರೇನೋ ಹೇಳತೊಡಗಿದರೆ ಯಾಕೆ ಎಂದು ಅವರೇ ಕೇಳುತ್ತಾರೆ. ಆದ್ದರಿಂದ ಸಭೆ, ಶಾಮಿಯಾನಗಳ ದುಡ್ಡಿನಲ್ಲಿ ಸ್ವಲ್ಪವನ್ನಾದರೂ ಇಂಥದ್ದಕ್ಕೆ ಕೊಡಿ ಎಂದು ಕೇಳುತ್ತೇನೆ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳ ಅಂಗಳದಲ್ಲಿ ಒಂದೊಂದು ಕೋಲು ನೆಡಿಸಿ. ನೆರಳಿಲ್ಲದ ದಿನ ಏಪ್ರಿಲ್ ಮೂರನೇ ವಾರ ಚಾಮರಾಜನಗರ ಮುಟ್ಟಿ, ಮೇ 2ರ ಸುಮಾರಿಗೆ ಹುಬ್ಬಳ್ಳಿ ದಾಟಿ, 11ರ ಆಸುಪಾಸು ಬೀದರ್ ತಲುಪುತ್ತದೆ. ಊರಿಂದೂರಿಗೆ ಅಳತೆ ಹೇಳಿಕೊಳ್ಳಲು ಒಂದು ಫೋನು ಸಾಕು.

ಮೇ ತಿಂಗಳಲ್ಲಿ ಗಾಡಿಯಮ್ಮ ನನ್ನನ್ನು ದಾರಿಯಲ್ಲೇ ತಡೆದರು. "ಮೇಷ್ಟ್ರೇ, ನೆರಳು ಈಗ ಆ ಕಡೆ ತಿರುಗಿದೆ, ದಕ್ಷಿಣಕ್ಕೆ!" ಆಗಸ್ಟ್ 18ಕ್ಕೆ ಅದು ಮತ್ತೆ ಬುಡ ಸೇರುತ್ತದೆಂದು ನಾನು ಹೇಳಿಲ್ಲ. ಸೀಮೆಸುಣ್ಣ ಅವರ ಹತ್ತಿರವೇ ಇದೆ.