ಕಡಲಿನ ಚಿತ್ರ, ನಾವಿಕನ ಮಾತು

ಬೀದರ ಜಿಲ್ಲೆಯ ಹುಮನಾಬಾದಿನಿಂದಾಗಲಿ ಬಸವಕಲ್ಯಾಣದಿಂದಾಗಲಿ ಯಾವ ದಿಕ್ಕಿಗೆ ಹೊರಟರೂ ಕಡಲನ್ನು ಕಾಣಲು ನೂರಾರು ಕಿಲೋಮೀಟರು ಸಾಗಬೇಕು. ತೊಗರಿ, ಉದ್ದು, ಜೋಳ ಬೆಳೆಯುವ ಈ ಸೀಮೆಯ ಮಕ್ಕಳಿಗೆ ದೊಡ್ಡ ನೀರೆಂದರೆ ಕಾರಂಜಾ ಜಲಾಶಯ, ಇಲ್ಲವೆ ಕಲ್ಯಾಣದ ತ್ರಿಪುರಾಂತ ಕೆರೆ. ಹನ್ನೆರಡನೆಯ ಶತಮಾನದಲ್ಲಿ ದೋಣಿ ನಡೆಸುವ ಕಾಯಕದ ಅಂಬಿಗರ ಚೌಡಯ್ಯ ಈ ಕಲ್ಯಾಣದ ಶರಣರಲ್ಲಿ ಒಬ್ಬನಾಗಿ, ನಿಷ್ಠುರವಾದ ನುಡಿಗೆ ಹೆಸರಾದುದುಂಟು. ಆದರೆ ಅವನದೂ ನದಿಯ ಬದುಕೇ ಹೊರತು ಕಡಲಿನದಲ್ಲ.

ಇಂಥ ಊರುಗಳಿಗೆ ಕಡಲು ಈಗ ಅಂಗೈಯಗಲದ ಪರದೆಯ ಮೇಲೆ ಬಂದಿದೆ. ನೌಕಾಪಡೆಗೆ ತರುಣರನ್ನು ಕರೆಯುವ ಜಾಹೀರಾತನ್ನು ಹಡಗಿನ ಮೇಲೆಯೇ ಚಿತ್ರಿಸುತ್ತಾರೆ. ನೀಲಿ ನೀರು, ಬಿಳಿಯ ಸಮವಸ್ತ್ರ, ಡೆಕ್ಕಿನಿಂದ ಮೇಲೇಳುವ ಹೆಲಿಕಾಪ್ಟರು, ಗಾಳಿಗೆ ಪಟಪಟಿಸುವ ಧ್ವಜ! 2022ರ ಸೆಪ್ಟೆಂಬರ್ 2ರಂದು ಸೇವೆಗೆ ಸೇರಿದ, 262 ಮೀಟರು ಉದ್ದದ ವಿಕ್ರಾಂತದಂಥ ನೌಕೆ ಕಣ್ಣೆದುರು ಸಾಗುವಾಗ ಯಾರ ಎದೆ ತಾನೆ ಉಬ್ಬದು?

ವೀರಭದ್ರೇಶ್ವರ ಜಾತ್ರೆಗೆಂದು ರಜೆಯ ಮೇಲೆ ಹುಮನಾಬಾದಿಗೆ ಬಂದ ನಾವಿಕರೊಬ್ಬರಿಗೆ ಓಣಿಯ ಹುಡುಗರು ಅಂಥದೊಂದು ಚಿತ್ರವನ್ನು ತೋರಿಸಿ ಕೇಳಿದರು:

"ಕಾಕಾ, ಇದು ಖರೇ ಅದ ಏನ್ರಿ?"

"ಖರೇ ಅದ. ಆದ್ರ ಇಷ್ಟೇ ಅಲ್ಲ."

ಈ ಎರಡನೆಯ ಮಾತನ್ನು ಹುಡುಗರು ಬೇಸರದ ಮಾತೆಂದು ಬಗೆದರು. ಅದು ಬೇಸರವಾಗಿರಲಿಲ್ಲ. ಚಿತ್ರದಲ್ಲಿ ಸುಳ್ಳೇನೂ ಇಲ್ಲ. ಆದರೆ ತಾವು ಹೆಮ್ಮೆಪಡುವ ಕೆಲಸವೇ ಅದರಲ್ಲಿ ಕಾಣಲಿಲ್ಲವೆಂಬುದು ಅವರ ಕೊರಗು. ಡೆಕ್ಕಿನ ಕೆಳಗೆ ಎಂಜಿನ್ ಕೋಣೆಯ ಕಾವಿನಲ್ಲಿ ಬೆವರುತ್ತ ನಿಲ್ಲುವವರು, ನಡುರಾತ್ರಿ ಎದ್ದು ನಾಲ್ಕು ಗಂಟೆಗಳ ಪಾಳಿಗೆ ಹೋಗುವವರು, ಉಪ್ಪುಗಾಳಿ ತಿಂದ ಕಬ್ಬಿಣದ ತುಕ್ಕನ್ನು ಕೆರೆದು ಬಣ್ಣ ಬಳಿಯುವವರು, ಹಡಗು ಹೊಯ್ದಾಡುವಾಗ ವಾಂತಿಯನ್ನು ತಡೆದುಕೊಂಡು ಅಡುಗೆ ಬೇಯಿಸುವವರು ಪರದೆಯ ಮೇಲೆ ಎಲ್ಲಿದ್ದಾರೆ? ಜಾಹೀರಾತು ಕಡಲನ್ನು ತೋರಿಸಿತು, ಹಡಗನ್ನು ತೋರಿಸಿತು. ನಾವಿಕನನ್ನು ಮಾತ್ರ ಬಿಟ್ಟಿತು.

ಸಾಬೂನಿನ ಜಾಹೀರಾತು ತಾನೇ ಪೂರ್ಣ ಸತ್ಯವನ್ನು ಹೇಳುವುದೇ ಎಂದು ಯಾರಾದರೂ ಕೇಳಬಹುದು. ಸಾಬೂನು ಒಗ್ಗದಿದ್ದರೆ ಕಳೆದುಹೋಗುವುದು ಕೆಲವು ರೂಪಾಯಿ. ಇಲ್ಲಿ ತೆರಬೇಕಾದುದು ಹರೆಯದ ವರ್ಷಗಳನ್ನು. 2022ರ ಜೂನ್‌ನಲ್ಲಿ ಘೋಷಿಸಲಾದ ಅಗ್ನಿಪಥ ಯೋಜನೆಯಲ್ಲಿ ಸೇವೆಯ ಅವಧಿ ನಾಲ್ಕು ವರ್ಷ; ಆ ಬಳಿಕ ನೂರಕ್ಕೆ 25ರಷ್ಟು ಮಂದಿಯನ್ನು ಮಾತ್ರ ಮುಂದುವರಿಸಬಹುದೆಂದು ಗೊತ್ತುಪಡಿಸಲಾಯಿತು. ಇದರಡಿ ತರಬೇತಿ ಪಡೆದ ನೌಕಾಪಡೆಯ ಮೊದಲ ತಂಡವು 2023ರ ಮಾರ್ಚ್ 28ರಂದು ಒಡಿಶಾದ ಚಿಲ್ಕಾದಿಂದ ಹೊರಬಂದಿತು. ಅದರಲ್ಲಿ 273 ಮಂದಿ ತರುಣಿಯರೂ ಇದ್ದರು. ಕಡಲೂರಿನ ಹುಡುಗನಿಗೆ ಹಡಗಿನ ಕಷ್ಟಸುಖ ಮನೆಯ ಜಗಲಿಯ ಮೇಲೆಯೇ ಕಿವಿಗೆ ಬೀಳುತ್ತದೆ. ಹುಮನಾಬಾದಿನವನಿಗೆ ಪರದೆಯ ಚಿತ್ರವೊಂದೇ ಆಧಾರ. ಅಂಥವನ ಮುಂದೆ ಅರ್ಧವನ್ನಷ್ಟೇ ಇಡುವುದು ನ್ಯಾಯವೆನಿಸದು.

ಈ ಚಾಳಿ ಒಂದು ದೇಶದ್ದಲ್ಲ. 1979ರಲ್ಲಿ ಅಮೆರಿಕದ ನೌಕಾಪಡೆಯು ಒಂದು ಹಾಡಿನ ಚಿತ್ರೀಕರಣಕ್ಕಾಗಿ ಸ್ಯಾನ್ ಡಿಯಾಗೊದಲ್ಲಿದ್ದ 'ರೀಸನರ್' ಎಂಬ ಯುದ್ಧನೌಕೆಯನ್ನೇ ಬಿಟ್ಟುಕೊಟ್ಟಿತ್ತು. ಆ ಹಾಡನ್ನು ಭರ್ತಿಯ ಜಾಹೀರಾತಿಗೆ ಬಳಸಿಕೊಳ್ಳುವುದು ಉದ್ದೇಶವಾಗಿತ್ತು. ಹಡಗಿನ ಮೇಲೆ ಕುಣಿತ ಸೊಗಸಾಗಿಯೇ ನಡೆಯಿತು. ಕೊನೆಗೆ ನೌಕಾಪಡೆಯೇ ಆ ಆಲೋಚನೆಯನ್ನು ಕೈಬಿಟ್ಟಿತು.

ನಮ್ಮ ದೇಶದ ಚರಿತ್ರೆಯಲ್ಲಿ ಇದಕ್ಕಿಂತ ಗಂಭೀರವಾದ ಪ್ರಸಂಗವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರವು ಸಾವಿರಾರು ತರುಣರನ್ನು ನೌಕಾಪಡೆಗೆ ಸೇರಿಸಿಕೊಂಡಿತು. 1946ರ ಫೆಬ್ರವರಿ 18ರಂದು ಮುಂಬಯಿಯ 'ತಲ್ವಾರ್' ತರಬೇತಿ ನೆಲೆಯಲ್ಲಿ ನಾವಿಕರು ಊಟವನ್ನು ನಿರಾಕರಿಸಿ ಮುಷ್ಕರ ಹೂಡಿದರು. ಅದು ಕರಾಚಿಯವರೆಗೂ ಹಬ್ಬಿತು. ಕೆಟ್ಟ ಆಹಾರ, ಅಧಿಕಾರಿಗಳ ಬೈಗುಳ, ವರ್ಣಭೇದ ಇವುಗಳ ಜೊತೆಗೆ, ಭರ್ತಿಯ ಸಮಯದಲ್ಲಿ ಆಡಿದ ಮಾತು ಉಳಿಯಲಿಲ್ಲವೆಂಬುದೂ ಅವರ ದೂರುಗಳಲ್ಲಿ ಒಂದಾಗಿತ್ತು. ಸ್ವಾತಂತ್ರ್ಯದ ಹಂಬಲವೂ ಅದಕ್ಕೆ ಕೂಡಿಕೊಂಡಿತು. ಸ್ವತಂತ್ರ ಭಾರತದ ನೌಕಾಪಡೆಯನ್ನು ಆ ಪರಕೀಯ ಆಡಳಿತದೊಡನೆ ಹೋಲಿಸುವುದು ಸಲ್ಲದು. ಆದರೆ ಕರೆಯುವಾಗಿನ ಮಾತನ್ನು ಕರೆಸಿಕೊಂಡವನು ಎಷ್ಟು ಕಾಲ ನೆನಪಿಡುತ್ತಾನೆಂಬುದನ್ನು ಆ ಪ್ರಸಂಗ ತಿಳಿಸುತ್ತದೆ.

ಕ್ಯಾಮರಾ ನಾಲ್ಕು ಮೆಟ್ಟಿಲು ಕೆಳಗಿಳಿದರೆ ನೌಕಾಪಡೆಗೆ ನಷ್ಟವೇನಿದೆ? ಬೆವರನ್ನು ಕಂಡು ಹಿಂಜರಿಯುವವನು ಹೇಗೂ ಕಡಲಿನಲ್ಲಿ ನಿಲ್ಲುವವನಲ್ಲ. ಕಂಡೂ ಬರುವವನು ಗಟ್ಟಿಗ. ಜೊತೆಗೆ, ಕೆಳಗೆ ದುಡಿಯುವವರಿಗೂ ತಮ್ಮ ಮುಖ ಒಮ್ಮೆ ಪರದೆಯ ಮೇಲೆ ಮೂಡಿತೆಂಬ ಸಂತೋಷ ಸಿಕ್ಕೀತು.

ಹುಮನಾಬಾದಿನ ಆ ನಾವಿಕರು ಹುಡುಗರಿಗೆ ಹೋಗಿರೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಒಂದು ಸೀಮೆಸುಣ್ಣವನ್ನು ತರಿಸಿ, ಅಂಗಳದ ಹಾಸುಗಲ್ಲಿನ ಮೇಲೆ ಆರಡಿ ಉದ್ದ, ಎರಡಡಿ ಅಗಲದ ಒಂದು ಚೌಕಟ್ಟನ್ನು ಬರೆದರು. ಹಡಗಿನಲ್ಲಿ ತಾವು ಮಲಗುವ ಜಾಗ ಇಷ್ಟೇ, ಇದರ ಮೇಲೊಬ್ಬ, ಕೆಳಗೊಬ್ಬ ಎಂದರು. ಹುಡುಗರು ಒಬ್ಬೊಬ್ಬರಾಗಿ ಅದರೊಳಗೆ ಮಲಗಿ ನೋಡಿದರು. ಒಬ್ಬನ ಮೊಣಕೈ ಗೆರೆಯ ಹೊರಗೆ ಬಂದಿತು. ಅವನು ಕೈಯನ್ನು ಮೆಲ್ಲಗೆ ಒಳಗೆಳೆದುಕೊಂಡು, ಸ್ವಲ್ಪ ಹೊತ್ತು ಹಾಗೆಯೇ ಮಲಗಿದ್ದನು.