ಏರುಮಡಿಗೆ ಬರುವ ಮಣ್ಣು ಎಲ್ಲಿಯದು?

ಬೆಂಗಳೂರಿನ ಕೆರೆಗಳಲ್ಲಿ ಹೂಳೆತ್ತುವುದು ಸಾಮಾನ್ಯವಾಗಿ ಬೇಸಿಗೆಯಲ್ಲಿ. ತಾರಸಿ, ಹಿತ್ತಿಲುಗಳಲ್ಲಿ ತರಕಾರಿಗೆ ಏರುಮಡಿ ಕಟ್ಟುವವರು ಮಣ್ಣು ಹುಡುಕುವುದೂ ಮುಂಗಾರಿಗೆ ಮುನ್ನ ಇದೇ ದಿನಗಳಲ್ಲಿ. ಆ ಹೂಳು ಈ ಮಡಿಗೆ ಬಂದು ಬೀಳುವ ಮೊದಲೇ ಎಚ್ಚರಿಸಬೇಕಾಗಿದೆ.

ಕೆರೆಗೋಡನ್ನು ಹೊಲಕ್ಕೆ ಹೊಡೆಯುವುದು ನಮ್ಮ ಹಳೆಯ ರೂಢಿ, ಒಳ್ಳೆಯ ರೂಢಿಯೂ ಹೌದು. ಸುತ್ತಲ ಹೊಲಗಳ ಮೇಲ್ಮಣ್ಣೇ ಮಳೆಗೆ ಕೊಚ್ಚಿಹೋಗಿ ಕೆರೆಯ ತಳದಲ್ಲಿ ಕೂರುತ್ತಿತ್ತು. ರೈತ ತನ್ನದನ್ನೇ ವಾಪಸು ಒಯ್ಯುತ್ತಿದ್ದ. ನಗರದ ಕೆರೆಗಳ ಕಥೆ ಬೇರೆ. ಅಲ್ಲಿಗೆ ಸೇರಿದ್ದು ಒಳಚರಂಡಿಯ ಕೊಳಚೆ, ಕಾರ್ಖಾನೆಗಳ ತ್ಯಾಜ್ಯನೀರು. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನು ಊರೇ ನೋಡಿತು. ಆ ನೀರಿನೊಂದಿಗೆ ಬರುವ ಸೀಸ, ಕ್ಯಾಡ್ಮಿಯಂನಂಥ ಭಾರಲೋಹಗಳು ಹಾಗೆ ಕಣ್ಣಿಗೆ ಬೀಳುವುದಿಲ್ಲ, ಕೊಳೆತು ಕರಗುವುದೂ ಇಲ್ಲ. ಅವು ಹೂಳಿನ ಜೇಡಿಕಣಗಳಿಗೆ ಅಂಟಿ ಉಳಿಯುತ್ತವೆ. ಕಪ್ಪಗಿನ ಆ ಮಣ್ಣಿನಲ್ಲಿ ಸೊಪ್ಪು ಸೊಂಪಾಗಿಯೇ ಬೆಳೆದೀತು. ಮೋಸ ಇರುವುದೇ ಅಲ್ಲಿ: ಕ್ಯಾಡ್ಮಿಯಂ ಸುಲಭವಾಗಿ ಎಲೆಗೆ ಏರುತ್ತದೆ, ಸೀಸ ಅಷ್ಟಾಗಿ ಏರದಿದ್ದರೂ ಗಡ್ಡೆ ಮತ್ತು ಎಲೆಗೆ ಮೆತ್ತಿದ ಮಣ್ಣಿನೊಂದಿಗೆ, ಮಕ್ಕಳ ಕೈಬೆರಳಿನೊಂದಿಗೆ ಬಾಯಿಗೆ ಹೋಗುತ್ತದೆ.

ಹೂಳು ಬಿಟ್ಟರೆ ಸಿಗುವುದು ಪಾಯ ತೋಡಿದ ಕೆಮ್ಮಣ್ಣು; ಅದರಲ್ಲಿ ಸತ್ವವಿಲ್ಲ ಎಂಬುದಷ್ಟೇ ದೂರು. ಗೊಬ್ಬರ ಹಾಕಿ ಸರಿಮಾಡಬಹುದು. ಕೆಡವಿದ ಹಳೆಯ ಮನೆಯ ಮಣ್ಣು ಮಾತ್ರ ಬೇಡವೇ ಬೇಡ. ಅದರಲ್ಲಿ ಗೋಡೆಯ ಹಳೆಯ ಬಣ್ಣದ ಚೂರುಗಳು ಸೇರಿರಬಹುದು; ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಯಾದದ್ದೇ 2017ರಲ್ಲಿ.

'ಮಣ್ಣು ಪರೀಕ್ಷೆ ಮಾಡಿಸಿದ್ದೇವೆ' ಎಂದು ಮಾರುವವರು ಹೇಳಿದರೆ ಏನನ್ನು ಪರೀಕ್ಷಿಸಿದ್ದು ಎಂದು ಕೇಳಿ. ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಸಾರಜನಕ, ರಂಜಕ, ಪೊಟ್ಯಾಷ್, ರಸಸಾರ, ಸತು ಎಲ್ಲವೂ ಇವೆ. ಸೀಸವಿಲ್ಲ, ಕ್ಯಾಡ್ಮಿಯಂ ಇಲ್ಲ. ಭಾರಲೋಹಗಳ ಪರೀಕ್ಷೆಯನ್ನು ಬೇರೆಯಾಗಿಯೇ ಕೇಳಿ ಮಾಡಿಸಬೇಕು. ನಗರದ ಕಸದಿಂದ ಮಾಡಿದ ಕಾಂಪೋಸ್ಟ್‌ಗೆ ಕೇಂದ್ರದ ರಸಗೊಬ್ಬರ ನಿಯಂತ್ರಣ ಆದೇಶ ಕಿಲೋಗೆ 100 ಮಿಲಿಗ್ರಾಂ ಸೀಸ, 5 ಮಿಲಿಗ್ರಾಂ ಕ್ಯಾಡ್ಮಿಯಂ ಎಂಬ ಮಿತಿ ಹಾಕಿದೆ. ಗೊಬ್ಬರಕ್ಕಿರುವ ಈ ಕಟ್ಟುಪಾಡು ಟ್ರ್ಯಾಕ್ಟರ್ ಲೆಕ್ಕದಲ್ಲಿ ಮಾರುವ ಮಣ್ಣಿಗೇಕೆ ಬೇಡ? ಹೂಳು ಕೆರೆಯಂಗಳ ದಾಟುವ ಮುನ್ನ ಪರೀಕ್ಷಿಸಿ, ಫಲಿತಾಂಶವನ್ನು ಅಲ್ಲೇ ಫಲಕದಲ್ಲಿ ಬರೆಯುವುದು ಪಾಲಿಕೆಗಳಿಗೆ ಹೊರೆಯೇನಲ್ಲ.

ಈಗಾಗಲೇ ಇಂಥ ಮಣ್ಣು ತುಂಬಿಸಿಕೊಂಡವರು ವರದಿ ಕೈಗೆ ಬರುವ ತನಕ ದಂಟು, ಪಾಲಕ್, ಮೂಲಂಗಿ ಬಿತ್ತದಿರುವುದು ಒಳ್ಳೆಯದು. ಆ ಮಡಿಯಲ್ಲಿ ಸದ್ಯಕ್ಕೆ ಚೆಂಡುಹೂವೇ ಇರಲಿ.